ಗೆರೆ ಕೂಡುವ ಜಾಗ

ನವೆಂಬರ್ ೩, ಸೋಮವಾರ

ಮೂವತ್ತೊಂದು ವರ್ಷದಿಂದ ಪಾಸಿಟ್ರಾನಿನ ಪಾಠ ಮಾಡುತ್ತಿದ್ದೇನೆ. ಇಷ್ಟು ವರ್ಷವೂ ಅದು ಪಠ್ಯಪುಸ್ತಕದ ಕೊನೆಯ ಪುಟಗಳಲ್ಲಿ, ಪರೀಕ್ಷೆಯ ಹೊಸ್ತಿಲಲ್ಲಿ ಅವಸರದಿಂದ ಮುಗಿಸಬೇಕಾದ ಜಾಗದಲ್ಲಿ ಕುಳಿತಿತ್ತು. ಇಂದು ಅದು ಎದ್ದು ಬಂದು ನನ್ನ ತರಗತಿಯ ಬಾಗಿಲಲ್ಲಿ ನಿಂತಿತು.

ತಂದವಳು ದ್ವಿತೀಯ ಪಿಯುಸಿಯ ಮಮತಾ. ಅವಳ ಊರು ಜಗಳೂರು ತಾಲ್ಲೂಕಿನ ಸೊಕ್ಕೆ. ಇಲ್ಲಿ ನ್ಯಾಮತಿಯಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದುಕೊಂಡು ಓದುತ್ತಾಳೆ. ತರಗತಿ ಮುಗಿದ ಮೇಲೆ ಆಸ್ಪತ್ರೆಯ ಚೀಟಿಯೊಂದನ್ನು ನನ್ನ ಮೇಜಿನ ಮೇಲಿಟ್ಟಳು. ಊರಿನಲ್ಲಿರುವ ಅವಳ ಅಜ್ಜಿ ಗಿಡ್ಡಮ್ಮನವರಿಗೆ ಕೆಮ್ಮು ನಿಲ್ಲದೆ ಪರೀಕ್ಷೆ ಮಾಡಿಸಿದಾಗ ಶ್ವಾಸಕೋಶದಲ್ಲಿ ಗಂಟು ಕಂಡಿದೆ. ಅದು ಕ್ಯಾನ್ಸರ್ ಎಂಬುದೂ ಖಚಿತವಾಗಿದೆ. ಗಂಟು ಅದೊಂದೇ ಕಡೆ ಇದ್ದರೆ ಶಸ್ತ್ರಚಿಕಿತ್ಸೆ ಮಾಡಿ ತೆಗೆಯಬಹುದು, ಬೇರೆಡೆಗೂ ಹರಡಿದ್ದರೆ ತೆಗೆದು ಪ್ರಯೋಜನವಿಲ್ಲ ಎಂದು ಹುಬ್ಬಳ್ಳಿಯ ವೈದ್ಯರು ಹೇಳಿದ್ದಾರಂತೆ. ಎರಡರಲ್ಲಿ ಯಾವುದೆಂದು ತಿಳಿಯಲು ಪೆಟ್ ಸ್ಕ್ಯಾನ್ ಆಗಬೇಕು. ಇದೇ ಇಪ್ಪತ್ತನಾಲ್ಕಕ್ಕೆ ಬರಹೇಳಿದ್ದಾರೆ.

“ಮೇಡಂ, ಇದ್ರಾಗೆ ಪಾಸಿಟ್ರಾನ್ ಅಂತ ಬರ್ದೈತೆ. ನಮ್ಮ ಪಾಠದಾಗೆ ಬರ್ತೈತಲ್ಲ, ಅದೇ ಏನ್ರೀ ಇದು?”

ಅದೇ ಎಂದೆ. ಹೇಳುವಾಗ ನನ್ನ ದನಿ ಏರಿತೆಂದು ಕಾಣುತ್ತದೆ, ಪಕ್ಕದ ಕೊಠಡಿಯಿಂದ ರಸಾಯನಶಾಸ್ತ್ರದವರು ಇಣುಕಿ ನೋಡಿದರು. ಸೀಮೆಸುಣ್ಣ ಹಿಡಿದವಳು ಬೋರ್ಡಿನ ತುಂಬ ಬರೆದೆ. ಮಮತಾ ಬ್ಯಾಗನ್ನು ಹೆಗಲಿನಿಂದ ಇಳಿಸದೆಯೇ ನಿಂತು ಕೇಳಿದಳು. ಅಳಲಿಲ್ಲ; ಅದು ಒಳ್ಳೆಯ ಲಕ್ಷಣ. ಭಯಕ್ಕೆ ತಿಳಿವಳಿಕೆಗಿಂತ ದೊಡ್ಡ ಮದ್ದಿಲ್ಲ. ಭಾನುವಾರ ಸೊಕ್ಕೆಗೆ ಹೋಗಿ ಅಜ್ಜಿಗೂ ನಾನೇ ವಿವರಿಸುವುದೆಂದು ನಿಶ್ಚಯಿಸಿದ್ದೇನೆ. ದುಃಖದ ಸಂದರ್ಭದಲ್ಲಿ ಇಷ್ಟು ಸಂತೋಷವಾಗುವುದು ಸರಿಯಲ್ಲ. ಆದರೂ ಮನೆಗೆ ಬರುವ ದಾರಿಯಲ್ಲಿ ಎರಡು ಸಲ ನಾನಾಗಿಯೇ ನಕ್ಕೆ.

ನವೆಂಬರ್ ೬, ಗುರುವಾರ

ಮಾದರಿ ಸಿದ್ಧವಾಗುತ್ತಿದೆ. ಮಮತಾಳ ಸಹಪಾಠಿ, ತ್ಯಾವಣಿಗೆಯ ಕೆಂಚೇಶ್, ತನ್ನ ಮಾವನ ಸೈಕಲ್ ಅಂಗಡಿಯಿಂದ ಕಡ್ಡಿಗಳಿಲ್ಲದ ಹಳೆಯ ರಿಮ್ ತಂದಿದ್ದಾನೆ. ಅದೇ ಸ್ಕ್ಯಾನ್ ಯಂತ್ರದ ಬಳೆ. ಬಳೆಯ ಅಂಚಿನುದ್ದಕ್ಕೂ ಚಿಕ್ಕ ಕೊಕ್ಕೆಗಳನ್ನು ಹಾಕಿದೆವು. ಅವು ಕಿರಣ ಹಿಡಿಯುವ ಕಣ್ಣುಗಳು. ಒಂದು ಕೊಕ್ಕೆಯಿಂದ ಎದುರಿನ ಕೊಕ್ಕೆಗೆ ಕೆಂಪು ಉಲ್ಲನ್ ದಾರ.

ಎಷ್ಟು ಅಂದವಾದ ವ್ಯವಸ್ಥೆ! ಸಕ್ಕರೆಗೆ ಒಂದು ಚಂಚಲ ಫ್ಲೋರಿನ್ ಪರಮಾಣುವನ್ನು ಗಂಟು ಹಾಕಿ ರಕ್ತಕ್ಕೆ ಬಿಡುತ್ತಾರೆ. ಕ್ಯಾನ್ಸರ್ ಕೋಶಕ್ಕೆ ಸಕ್ಕರೆಯ ಹಸಿವು ಹೆಚ್ಚು, ಅದು ಬಾಚಿ ತಿನ್ನುತ್ತದೆ. ಫ್ಲೋರಿನ್ ಒಂದು ಪಾಸಿಟ್ರಾನನ್ನು ಉಗುಳುತ್ತದೆ. ಪಾಸಿಟ್ರಾನ್ ಎಂದರೆ ಎಲೆಕ್ಟ್ರಾನಿನ ಅವಳಿ, ತೂಕ ಅಷ್ಟೇ, ವಿದ್ಯುದಂಶ ಮಾತ್ರ ತದ್ವಿರುದ್ಧ. ಜೋಳದ ಕಾಳಿನಷ್ಟು ದೂರವನ್ನೂ ಕ್ರಮಿಸದೆ ಅದು ಎಲೆಕ್ಟ್ರಾನೊಂದನ್ನು ಸಂಧಿಸುತ್ತದೆ, ಎರಡೂ ಇಲ್ಲವಾಗುತ್ತವೆ. ಅವು ಇದ್ದ ಜಾಗದಿಂದ ಎರಡು ಗಾಮಾ ಕಿರಣಗಳು ನೇರ ಎದುರು ಬದುರು ದಿಕ್ಕಿಗೆ ಹಾರುತ್ತವೆ. ಬಳೆಯ ಎರಡು ಕಣ್ಣುಗಳು ಒಂದೇ ಗಳಿಗೆಯಲ್ಲಿ ಮಿಟುಕಿದರೆ, ಆ ಎರಡರ ನಡುವಿನ ಗೆರೆಯಲ್ಲೆಲ್ಲೋ ಗಂಟು ಇದೆ ಎಂದರ್ಥ.

ಆ ಫ್ಲೋರಿನ್ ಎರಡು ಗಂಟೆಯೊಳಗೆ ಅರ್ಧ ಮುಗಿದಿರುತ್ತದೆ, ಇನ್ನೆರಡು ಗಂಟೆಗೆ ಉಳಿದದ್ದರಲ್ಲಿ ಅರ್ಧ. ಅದಕ್ಕೇ ದೂರದ ನಗರದಲ್ಲಿ ತಯಾರಿಸಿ ಅವಸರದಿಂದ ತರುತ್ತಾರೆ ಎಂದೆ. ಕೆಂಚೇಶ್ ದಾರ ಬಿಗಿಯುತ್ತಲೇ, “ಐಸ್‌ಕ್ಯಾಂಡಿ ಮಾರೋನಂಗೆ ಅನ್ರೀ ಮೇಡಂ. ಊರು ಮುಟ್ಟೋದ್ರಾಗೆ ಕಡ್ಡಿ ಉಳಿದಿರ್ತೈತೆ” ಎಂದ. ಈ ಹುಡುಗರನ್ನು ನನಗೆ ಕೊಟ್ಟ ಭಾಗ್ಯಕ್ಕೆ ಏನೆನ್ನಲಿ. ಹದಿನಾರರಂದು ಚನ್ನಗಿರಿಯಲ್ಲಿ ವಿಜ್ಞಾನ ಪ್ರದರ್ಶನವಿದೆ. ಈ ರಿಮ್ ಅಲ್ಲಿಗೂ ಹೋಗುತ್ತದೆ.

ನವೆಂಬರ್ ೯, ಭಾನುವಾರ

ಮಮತಾ, ನಾನು ಸೊಕ್ಕೆಗೆ ಹೋಗಿಬಂದೆವು. ಮೈಯೆಲ್ಲ ಧೂಳು, ಮನಸ್ಸೆಲ್ಲ ಹಬ್ಬ.

ಹೊನ್ನಾಳಿಯಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರು ರಿಮ್ ನೋಡಿ ಲಗೇಜಿನ ಟಿಕೆಟ್ ತೆಗೆದುಕೊಳ್ಳಬೇಕೆಂದರು. ಇದು ಲಗೇಜಲ್ಲ, ಕ್ಯಾನ್ಸರ್ ಹುಡುಕುವ ಯಂತ್ರದ ಪ್ರತಿರೂಪ ಎಂದು ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, ಆಮೇಲೆ ಟಿಕೆಟ್ ಹರಿದು ಕೊಟ್ಟರು. ಜಗಳೂರು ದಾಟಿದ ಮೇಲೆ ರಸ್ತೆಯ ಬದಿಯಲ್ಲೆಲ್ಲ ಮೆಕ್ಕೆಜೋಳ ಹರವಿದ್ದರು. ದೂರದಲ್ಲಿ ಗಾಳಿಯಂತ್ರಗಳು ನಿಧಾನವಾಗಿ ತಿರುಗುತ್ತಿದ್ದವು. ಎಲ್ಲವೂ ನನಗೆ ದೊಡ್ಡ ದೊಡ್ಡ ಬಳೆಗಳಾಗಿಯೇ ಕಂಡವು.

ಗಿಡ್ಡಮ್ಮನವರು ಹೆಸರಿಗೆ ತಕ್ಕ ಹಾಗೆ ಗಿಡ್ಡ. ನಾಲಿಗೆ ಮಾತ್ರ ಉದ್ದ. ಸೊಂಟದಲ್ಲಿ ಎಲೆ ಅಡಿಕೆಯ ಚೀಲ, ಬಾಯಲ್ಲಿ ಸದಾ ಅದರದ್ದೇ ಕೆಲಸ. ನನ್ನನ್ನು ಕಂಡ ಕೂಡಲೇ, “ಮಮ್ತಿ ಮೇಡಮ್ಮಾರು ಅಂದ್ರೆ ಎತ್ತರಕ್ಕೆ ಇರ್ತಾರೆ ಅಂದ್ಕಂಡಿದ್ದೆ, ನೀವೂ ನನ್ನಂಗೇ ಅದೀರಿ” ಎಂದರು. ಮಮತಾಳ ತಂದೆ ದೊಡ್ಡಣ್ಣನವರು ಅಂಗಳದಲ್ಲಿ ಚಾಪೆ ಹಾಸಿದರು. ಅಕ್ಕಪಕ್ಕದವರೂ ಬಂದು ಕುಳಿತರು.

ನಾನು ಒಂದೂವರೆ ಗಂಟೆ ಮಾತನಾಡಿದೆ. ನನ್ನ ಜೀವಮಾನದ ಅತ್ಯುತ್ತಮ ಪಾಠವಿದು ಎಂದು ಬರೆದುಕೊಳ್ಳಲು ಸಂಕೋಚವಿಲ್ಲ. ಯಾವುದನ್ನೂ ಮುಚ್ಚಿಡಲಿಲ್ಲ. ಪಾಸಿಟ್ರಾನೂ ಎಲೆಕ್ಟ್ರಾನೂ ಪರಸ್ಪರ ನಾಶವಾಗುವ ಘಟ್ಟಕ್ಕೆ ಬಂದಾಗ ಎರಡು ಅಂಗೈಗಳನ್ನು ತಟ್ಟಿ ತೋರಿಸಿದೆ; ಕಟ್ಟೆಯ ಮೇಲಿದ್ದ ಕೋಳಿ ಹಾರಿತು. ಗಿಡ್ಡಮ್ಮನವರು ಇಂಥದ್ದು ಎಷ್ಟು ಸಲ ಆಗುತ್ತದೆಂದು ಕೇಳಿದರು. ಚುಚ್ಚುಮದ್ದು ಕೊಟ್ಟ ಹೊಸದರಲ್ಲಿ ಸೆಕೆಂಡಿಗೆ ಮೂವತ್ತೇಳು ಕೋಟಿ ಎಂದೆ. ಅವರ ಬಾಯಿ ಅಗಿಯುವುದನ್ನು ನಿಲ್ಲಿಸಿತು.

ಮತ್ತೆ ಕೇಳಿದರು: “ಅಲ್ರೀ ಮೇಡಮ್ಮಾರೆ, ಆ ಮಿಷನ್ನಾಗೆ ಹೋದಾಗ ನನ್ ಕೂಡ ಯಾರಿರ್ತಾರೆ?”

“ಅದನ್ನೇ ಹೇಳ್ತಿದ್ದೀನಿ ಗಿಡ್ಡಮ್ಮನವರೇ, ಮೂವತ್ತೇಳು ಕೋಟಿ ಪಾಸಿಟ್ರಾನ್ ಇರ್ತಾವೆ.”

ಅಂಗಳದಲ್ಲಿ ಒಂದು ಉಸಿರೂ ಕೇಳಿಸಲಿಲ್ಲ. ಆ ಮೌನಕ್ಕಿಂತ ದೊಡ್ಡ ಚಪ್ಪಾಳೆ ಯಾವ ಅಧ್ಯಾಪಕರಿಗೆ ಸಿಕ್ಕೀತು? ರೊಟ್ಟಿ, ಹುರುಳಿಕಾಳು ಪಲ್ಯ ಊಟ ಮಾಡಿ ಹೊರಟೆವು. ಬಸ್ಸಿನಲ್ಲಿ ಮಮತಾ ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತಿದ್ದಳು. ಪಾಠವನ್ನು ಮೆಲುಕು ಹಾಕುತ್ತಿದ್ದಳೆಂದು ತೋರುತ್ತದೆ.

ನವೆಂಬರ್ ೧೦, ಸೋಮವಾರ

ಸಿಬ್ಬಂದಿ ಕೊಠಡಿಯಲ್ಲಿ ಸೊಕ್ಕೆಯ ಕಥೆಯನ್ನು ಮೂರು ಸಲ ಹೇಳಿದೆ. ಕೋಳಿ ಹಾರಿದ್ದನ್ನೂ ಹೇಳಿದೆ. ಮಮತಾ ಬಂದಿರಲಿಲ್ಲ. ದಣಿದಿರಬೇಕು.

ನವೆಂಬರ್ ೧೨, ಬುಧವಾರ

ಗಿಡ್ಡಮ್ಮನವರು ಸ್ಕ್ಯಾನ್ ಮಾಡಿಸುವುದಿಲ್ಲವಂತೆ.

ಪ್ರಯೋಗಾಲಯದಲ್ಲಿ ಕೆಂಚೇಶ್ ಹೇಳಿದ. ಮಮತಾ ಇಂದೂ ಬರಲಿಲ್ಲ. “ಮೇಡಂ, ಬೇಜಾರ್ ಮಾಡ್ಕಬ್ಯಾಡ್ರಿ. ಅಜ್ಜಿ ಒಲ್ಲೆ ಅಂತ ಕುಂತೈತಂತೆ. ಸೆಕೆಂಡಿಗೆ ಮೂವತ್ತೇಳು ಕೋಟಿ ನನ್ನೊಳಗೇ ಹೊಡೆದಾಡಿ ಸಾಯ್ತಾವೆ ಅಂತ ಮೇಡಮ್ಮಾರೇ ಹೇಳ್ಯಾರೆ, ಅಷ್ಟು ಸತ್ಮೇಲೆ ನಾನೇನು ಉಳೀತೀನಿ, ಅಷ್ಟಕ್ಕೂ ಸೂತಕ ಕಳಿಯೋರು ಯಾರು ಅಂತ ಕೇಳ್ತೈತಂತೆ.”

ಅವನು ನಗಬಾರದೆಂದು ತುಟಿ ಕಚ್ಚಿಕೊಂಡಿದ್ದ. ನನಗೂ ಅರ್ಧ ಗಳಿಗೆ ನಗು ಬಂತು. ಆಮೇಲೆ ಬರಲಿಲ್ಲ.

ನಾನು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ನವೆಂಬರ್ ೧೪, ಶುಕ್ರವಾರ

ಮಮತಾ ಬಂದಳು. ಕ್ಷಮೆ ಕೇಳೋಣವೆಂದು ಬಾಯಿ ತೆರೆದವಳು, ಅಭ್ಯಾಸಬಲದಿಂದ, ನಾಶವಾಗುವ ಎಲೆಕ್ಟ್ರಾನುಗಳ ಒಟ್ಟು ತೂಕ ಎಷ್ಟು ಅತ್ಯಲ್ಪವೆಂದು ಲೆಕ್ಕ ಹಾಕಲು ಸೀಮೆಸುಣ್ಣ ತೆಗೆದುಕೊಂಡೆ. ಅವಳು ತಡೆದಳು.

“ನೀವು ಸುಳ್ಳು ಹೇಳ್ಲಿಲ್ಲ ಮೇಡಂ. ಆದ್ರೆ ಅಜ್ಜಿ ಕಡೀಗೆ ಕೇಳಿದ್ದು ಲೆಕ್ಕ ಅಲ್ಲ. ಒಳಗೆ ಒಬ್ಳೇ ಇರ್ಬೇಕೇನು ಅಂತ ಕೇಳಿದ್ಳು.”

ಉತ್ತರ ಕೊಡುವಷ್ಟರಲ್ಲಿ ಬೆಲ್ ಹೊಡೆಯಿತು.

ಭಾನುವಾರ ತಾನೇ ಅಜ್ಜಿಯೊಂದಿಗೆ ಮಾತನಾಡುವುದಾಗಿ ಹೇಳಿದಳು. ನಾನೂ ಬರಲೇ ಎಂದೆ. ಸ್ವಲ್ಪ ಯೋಚಿಸಿ, “ಬರ್ರಿ. ಆದ್ರೆ ನಾನು ಹೇಳ್ತೀನಿ, ನೀವು ಸುಮ್ನಿರ್ಬೇಕು” ಎಂದಳು. ವಿದ್ಯಾರ್ಥಿನಿಯೊಬ್ಬಳು ನನಗೆ ಇಷ್ಟು ನಿಖರವಾದ ಷರತ್ತು ಹಾಕಿದ್ದು ಇದೇ ಮೊದಲು. ಎಷ್ಟು ಚೊಕ್ಕ ಮಾತು! ಒಂದು ಪದ ಹೆಚ್ಚಿರಲಿಲ್ಲ. ಈ ಹುಡುಗಿ ಮುಂದೆ ಏನಾದರೂ ಆಗಿಯೇ ಆಗುತ್ತಾಳೆ.

ನವೆಂಬರ್ ೧೬, ಭಾನುವಾರ

ರಿಮ್ ಚನ್ನಗಿರಿಗೆ ಹೋಯಿತು, ಕೆಂಚೇಶನ ಹೆಗಲ ಮೇಲೆ. ನಾವಿಬ್ಬರು ಸೊಕ್ಕೆಗೆ. ಪ್ರದರ್ಶನಕ್ಕೆ ಗೈರುಹಾಜರಾದದ್ದು ನನ್ನ ವೃತ್ತಿಯಲ್ಲಿ ಮೊದಲ ಸಲ. ಆದರೆ ಆ ನೆನಪು ಬಂದದ್ದೇ ಸಂಜೆ ಅವನ ಫೋನ್ ಬಂದಾಗ.

ಇಂದು ನಡೆದದ್ದನ್ನು ಆದಷ್ಟು ಕ್ರಮವಾಗಿ ಬರೆಯುತ್ತೇನೆ. ಗಿಡ್ಡಮ್ಮನವರು ನನ್ನನ್ನು ಕಂಡು ಸೆರಗು ಹೊದ್ದು ಒಳಗೆ ಹೋದರು. ಮಮತಾ ಕರೆಯಲಿಲ್ಲ. ಒಲೆಯ ಬೂದಿಯನ್ನು ಮೊರದಲ್ಲಿ ತಂದು ಅಂಗಳದಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದಳು. ಎಳೆದು ಸುಮ್ಮನೆ ಕುಳಿತಳು. ಆ ಸುಮ್ಮನಿರುವಿಕೆಯನ್ನು ತಡೆಯಲಾರದೆ ಅಜ್ಜಿಯೇ ಬಾಗಿಲಿಗೆ ಬಂದರು.

“ಏನೇ ಅದು?”

“ಅಜ್ಜಿ, ಈ ಗೆರೆಯಾಗೆ ಒಂದು ಹತ್ತಿ ಬೀಜ ಊರೀನಿ. ಎಲ್ಲೈತೆ ಹೇಳು.”

“ಗೆರೆ ಉದ್ದಕ್ಕೂ ಎಲ್ಲಾರ ಇರ್ಬೌದು. ನಾನೇನು ಶಾಸ್ತ್ರ ಹೇಳೋಳೇನು?”

ಮಮತಾ ಅಡ್ಡಕ್ಕೆ ಇನ್ನೊಂದು ಗೆರೆ ಎಳೆದಳು. ಅಜ್ಜಿ ಅಂಗಳಕ್ಕೆ ಇಳಿದು ಎರಡೂ ಗೆರೆ ಕೂಡಿದಲ್ಲಿ ಹೆಬ್ಬೆರಳು ಊರಿದರು. ಬೀಜ ಅಲ್ಲೇ ಇತ್ತು.

ಈ ಸೀಮೆಯಲ್ಲಿ ಹತ್ತಿ ಊರುವುದೇ ಹೀಗಂತೆ: ಹೊಲಕ್ಕೆ ಮೊದಲು ಉದ್ದಗೆರೆ ಹೊಡೆದು, ಆಮೇಲೆ ಅಡ್ಡಗೆರೆ ಹೊಡೆದು, ಕೂಡಿದ ಜಾಗದಲ್ಲೆಲ್ಲ ಒಂದೊಂದು ಬೀಜ. ಗಿಡ್ಡಮ್ಮನವರು ಬದುಕಿನುದ್ದಕ್ಕೂ ಆ ಕೆಲಸ ಮಾಡಿದವರು. ಮಮತಾ ಹೇಳಿದ್ದು ಇಷ್ಟೇ: ಆ ಮಿಷನ್ನು ಗೆರೆ ಹೊಡೆಯುತ್ತದೆ, ಗೆರೆಗಳು ಎಲ್ಲಿ ಕೂಡುತ್ತವೆಂದು ನೋಡುತ್ತದೆ, ಒಂದೇ ಜಾಗದಲ್ಲಿ ಕೂಡಿದರೆ ಡಾಕ್ಟರು ಆ ಒಂದನ್ನು ಕಿತ್ತು ಹಾಕುತ್ತಾರೆ.

“ಕಳೆ ಕಿತ್ತಂಗೆ” ಎಂದರು ಅಜ್ಜಿ.

“ಕಳೆ ಕಿತ್ತಂಗೆ.”

“ಮತ್ತೆ ಆ ಮೂವತ್ತೇಳು ಕೋಟಿ?”

ನನ್ನ ನಾಲಿಗೆ ಹಲ್ಲಿನ ಹಿಂದೆ ಒದ್ದಾಡಿತು. ಕೊಟ್ಟ ಮಾತು ನೆನೆದು ಚಾಪೆಯ ಎಳೆ ಕಿತ್ತೆ. ಮಮತಾ, ಬಾಳೆಹಣ್ಣು, ಕಾಳು, ಸೊಪ್ಪಿನಲ್ಲೆಲ್ಲ ಪೊಟ್ಯಾಸಿಯಂ ಇರುತ್ತದೆ, ಅದರಿಂದಾಗಿ ಅಜ್ಜಿಯ ಮೈಯಲ್ಲಿ ಹುಟ್ಟಿದ ದಿನದಿಂದಲೂ ದಿನಕ್ಕೆ ಸಾವಿರಾರು ಪಾಸಿಟ್ರಾನುಗಳು ಹೀಗೆಯೇ ಹುಟ್ಟಿ ಹೋಗುತ್ತಿವೆ, ಅದರಿಂದ ಇವತ್ತಿನವರೆಗೆ ಅಜ್ಜಿಯ ಒಂದು ಕೂದಲೂ ಕೊಂಕಿಲ್ಲ ಎಂದಳು. ಇದು ನನಗೆ ಗೊತ್ತಿದ್ದ ವಿಷಯವೇ. ಒಂದೂವರೆ ಗಂಟೆಯ ಪಾಠದಲ್ಲಿ ಇದೊಂದು ಬಿಟ್ಟುಹೋಗಿತ್ತು.

“ಅದಕ್ಕೇ ಏನೋ ಮೊಣಕಾಲು ನೋವು” ಎಂದರು ಅಜ್ಜಿ. ದೊಡ್ಡಣ್ಣನವರು ನಕ್ಕುಬಿಟ್ಟರು. ವಾರದಿಂದ ಆ ಮನೆಯಲ್ಲಿ ಯಾರೂ ನಕ್ಕಿರಲಿಲ್ಲವೆಂದು ಅವರ ನಗುವಿನಲ್ಲೇ ತಿಳಿಯುತ್ತಿತ್ತು.

ಒಳಗೆ ಯಾರಿರುತ್ತಾರೆಂದು ಅಜ್ಜಿ ಮತ್ತೆ ಕೇಳಿದರು. ಮಮತಾ ಒಪ್ಪವಾಗಿ ಸುಳ್ಳು ಹೇಳಲಿಲ್ಲ: ಒಳಗೆ ಯಾರೂ ಇರುವುದಿಲ್ಲ, ಬಾಗಿಲ ಹೊರಗೆ ನಾವಿರುತ್ತೇವೆ. ಇನ್ನೊಂದು ಕಷ್ಟವನ್ನೂ ಹೇಳಿದಳು. ಚುಚ್ಚುಮದ್ದಿನ ನಂತರ ಒಂದು ಗಂಟೆ ಮಾತಾಡುವಂತಿಲ್ಲ, ಎಲೆ ಅಡಿಕೆ ಅಗಿಯುವಂತಿಲ್ಲ. ದುಡಿದ ಸ್ನಾಯುವೂ ಸಕ್ಕರೆ ತಿನ್ನುತ್ತದೆ, ಗಂಟಲೂ ದವಡೆಯೂ ಹೊಳೆದರೆ ಡಾಕ್ಟರಿಗೆ ಗೊಂದಲವಾದೀತು.

ಗಿಡ್ಡಮ್ಮನವರು ಇದಕ್ಕೆ ಹೌಹಾರಿದಷ್ಟು ಮೂವತ್ತೇಳು ಕೋಟಿಗೂ ಹೌಹಾರಿರಲಿಲ್ಲ. ಒಂದು ತಾಸು ಸುಮ್ಮನಿರುವುದಕ್ಕಿಂತ ಸಾಯುವುದೇ ಸಲೀಸು ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

“ಈ ಮೇಡಮ್ಮಾರು ಒಂದು ತಾಸು ಸುಮ್ನಿರ್ತಾರೇನು ಕೇಳು. ಅವ್ರು ಇದ್ರೆ ನಾನೂ ಇರ್ತೀನಿ, ಸ್ಕ್ಯಾನಿಗೂ ಬರ್ತೀನಿ.”

ಬಾಯಿ ತೆರೆಯದೆ, ತಲೆಯಾಡಿಸಿ ಒಪ್ಪಿದೆ.

ಕೆಂಚೇಶನ ಫೋನು: ತೀರ್ಪುಗಾರರು ರಿಮ್ ನೋಡಿ ಇದು ತಿರುಗುತ್ತದೆಯೇ ಎಂದರಂತೆ, ಇವನು ತಿರುಗಿಸಿದನಂತೆ, ದಾರಗಳೆಲ್ಲ ಕಿತ್ತು ಅವರ ಕನ್ನಡಕಕ್ಕೆ ಸುತ್ತಿಕೊಂಡವಂತೆ. ಬಹುಮಾನವಿಲ್ಲ. ಇಷ್ಟು ಸುಖದ ಭಾನುವಾರ ಬಂದು ಎಷ್ಟು ಕಾಲವಾಯಿತೋ.

ನವೆಂಬರ್ ೧೮, ಮಂಗಳವಾರ

ಗಿಡ್ಡಮ್ಮನವರು ನ್ಯಾಮತಿಗೆ, ಚಿಕ್ಕ ಮಗನ ಮನೆಗೆ ಬಂದಿದ್ದಾರೆ. ಸಂಜೆ ನಮ್ಮ ಮನೆಯ ಜಗಲಿಯಲ್ಲಿ ಮೌನಾಭ್ಯಾಸ. ಕೆಂಚೇಶ್ ಮೊಬೈಲಿನಲ್ಲಿ ಒಂದು ಗಂಟೆಯ ಅಲಾರಂ ಇಟ್ಟ.

ನಾಚಿಕೆಯಿಂದ ಬರೆಯುತ್ತಿದ್ದೇನೆ: ಮೊದಲು ಸೋತದ್ದು ನಾನು. ಆ ಕಿಡಿಗೇಡಿ ನನ್ನೆದುರು ನಿಂತು, ಗಾಮಾ ಕಿರಣ ಬೆಳಕಿಗಿಂತ ಜೋರಾಗಿ ಓಡುತ್ತದೆ ಎಂದು ಮಮತಾಳಿಗೆ ಗಂಭೀರವಾಗಿ ವಿವರಿಸತೊಡಗಿದ. ಎಷ್ಟೆಂದು ಸಹಿಸಲಿ? ಗಾಮಾ ಕಿರಣವೂ ಬೆಳಕಿನ ಜಾತಿಯದೇ, ವೇಗವೂ ಅದರದೇ ಎಂದುಬಿಟ್ಟೆ. ಗಿಡ್ಡಮ್ಮನವರು ಬಾಯಿ ಮುಚ್ಚಿಕೊಂಡೇ ಭುಜ ಕುಣಿಸಿ ನಕ್ಕರು.

ನವೆಂಬರ್ ೨೦, ಗುರುವಾರ

ಇಂದು ಗಿಡ್ಡಮ್ಮನವರು ಸೋತರು; ಈಗೀಗ ಗಿಡ್ಡಕ್ಕ ಎಂದೇ ಕರೆಯುತ್ತಿದ್ದೇನೆ. ಅರ್ಧ ಗಂಟೆ ಚೆನ್ನಾಗಿಯೇ ನಡೆದಿತ್ತು. ಬೀದಿಯಲ್ಲಿ ತರಕಾರಿಯವನು ಹಸಿಮೆಣಸಿನಕಾಯಿಯ ಬೆಲೆ ಕೂಗಿದ. ಗಿಡ್ಡಕ್ಕ ಎದ್ದು ಗೇಟಿಗೇ ಹೋಗಿ, ಜಗಳೂರಿನ ಸಂತೆಯಲ್ಲಿ ಇದರರ್ಧಕ್ಕೆ ಸಿಗುತ್ತದೆಂದು ಅವನಿಗೂ ಅವನ ಹಿರಿಯರಿಗೂ ತಿಳಿಯುವಂತೆ ಹೇಳಿ ಬಂದರು. ಬರುವಾಗ ಕೈಯಲ್ಲಿ ಮೆಣಸಿನಕಾಯಿ ಇತ್ತು, ಅರ್ಧ ಬೆಲೆಗೆ.

ಕೆಂಚೇಶ್, ಗಿಡ್ಡಕ್ಕ, ನಾನು ಮೂವರೂ ನಕ್ಕು ನಕ್ಕು ಸುಸ್ತಾದೆವು. ಮಮತಾ ಮಾತ್ರ ಮೊಬೈಲಿನ ಅಲಾರಂ ಅನ್ನು ಮತ್ತೆ ಮೊದಲಿಗೆ ತಂದಿಟ್ಟು, “ಇನ್ನೊಂದು ಸಲ” ಎಂದಳು. ಯಾರೂ ಎದುರು ಹೇಳಲಿಲ್ಲ.

ನವೆಂಬರ್ ೨೨, ಶನಿವಾರ

ಒಂದು ಗಂಟೆ ಪೂರ್ತಿ ಆಯಿತು. ಇಬ್ಬರೂ ಗೆದ್ದೆವು.

ಎದುರು ಬದುರು ಕುಳಿತಿದ್ದೆವು. ಮಾತಿಲ್ಲದಾಗ ಕಣ್ಣಿಗೆ ಬೇರೆ ಕೆಲಸವಿರುವುದಿಲ್ಲ. ಗಿಡ್ಡಕ್ಕನ ಬೆರಳುಗಳು ಸೆರಗಿನ ಅಂಚನ್ನು ಮಡಿಸಿ ಬಿಡಿಸಿ ಮಡಿಸುತ್ತಲೇ ಇರುತ್ತವೆ. ಕೆಮ್ಮು ಬಂದಾಗ ಮಮತಾಳ ಕಡೆ ನೋಡಿ, ಅವಳು ನೋಡುತ್ತಿಲ್ಲವೆಂದು ಖಾತ್ರಿಯಾದ ಮೇಲೆಯೇ ಕೆಮ್ಮುತ್ತಾರೆ. ಮಮತಾ ನೋಡದವಳಂತೆ ಪುಸ್ತಕ ಹಿಡಿದಿದ್ದಳು. ಪುಟ ಒಂದೇ ಇತ್ತು. ಇದೆಲ್ಲ ಮೊದಲೂ ಹೀಗೆಯೇ ಇದ್ದಿರಬೇಕು.

ದಿನವೂ ಸಂಜೆ ಬರೆಯುವ ಪಾಠದ ಟಿಪ್ಪಣಿಯನ್ನು ಇಂದು ಮರೆತೆ.

ನವೆಂಬರ್ ೨೪, ಸೋಮವಾರ

ಬೆಳಗಾಗುವ ಮೊದಲೇ ಮೂರು ಸಾಲು ಸೀಟಿನ ಬಾಡಿಗೆ ಕಾರಿನಲ್ಲಿ ಹೊರಟೆವು: ಗಿಡ್ಡಕ್ಕ, ದೊಡ್ಡಣ್ಣ, ಮಮತಾ, ನಾನು. ಗಿಡ್ಡಕ್ಕ ಉಪವಾಸ, ನಾನೂ ಚಹಾ ಮುಟ್ಟಲಿಲ್ಲ, ನೆನಪಾಗಲಿಲ್ಲ.

ಹುಬ್ಬಳ್ಳಿಯಲ್ಲಿ ಆಸ್ಪತ್ರೆಯವರು ಕಾಯಹೇಳಿದರು. ಔಷಧದ ಗಾಡಿ ದಾರಿಯಲ್ಲಿ ಲಾರಿಗಳ ಸಾಲಿಗೆ ಸಿಕ್ಕಿಕೊಂಡಿದೆಯಂತೆ. ಹೆಚ್ಚು ತಡವಾದರೆ ಇವತ್ತಿನ ಕೆಲವರನ್ನು ಇನ್ನೊಂದು ದಿನಕ್ಕೆ ಕರೆಯಬೇಕಾದೀತು ಎಂದರು. ಗೋಡೆಯ ಗಡಿಯಾರ ನೋಡುತ್ತ ನಾನು ಮನಸ್ಸಿನಲ್ಲೇ ಅರ್ಧ, ಅರ್ಧದ ಅರ್ಧ ಎಂದು ಭಾಗಿಸುತ್ತಿದ್ದೆ. ಕೆಂಚೇಶನ ಐಸ್‌ಕ್ಯಾಂಡಿ ನೆನಪಾಯಿತು. ಈ ಸಲ ನಗು ಬರಲಿಲ್ಲ. ಗಿಡ್ಡಕ್ಕ ಇವತ್ತು ತಪ್ಪಿದರೆ ಇನ್ನೊಮ್ಮೆ ಬರುವವರಲ್ಲ, ಅದು ನಮ್ಮೆಲ್ಲರಿಗೂ ಗೊತ್ತಿತ್ತು. ಔಷಧವಿದ್ದ ಸೀಸದ ಪೆಟ್ಟಿಗೆ ಹೊತ್ತವರು ಕೊನೆಗೂ ಪಡಸಾಲೆಯನ್ನು ದಾಟಿಹೋದಾಗ ದೊಡ್ಡಣ್ಣ ಎದ್ದು ನಿಂತು ಕೈ ಮುಗಿದರು. ನಾನೂ ಮುಗಿದೆ.

ಹೆಸರು ಕರೆದರು. ದಪ್ಪ ಬಾಗಿಲಿನವರೆಗೆ ಹೋದ ಗಿಡ್ಡಕ್ಕ ತಿರುಗಿ ಬಂದು ಸೊಂಟದ ಚೀಲ ಬಿಚ್ಚಿ ನನ್ನ ಕೈಗಿಟ್ಟರು.

“ಹಿಡ್ಕೊಳ್ರಿ. ನನ್ನ ಗಂಡನ ಕೈಗೂ ಕೊಟ್ಟೋಳಲ್ಲ ನಾನು.”

ಬಾಗಿಲು ಮುಚ್ಚಿತು. ಚುಚ್ಚುಮದ್ದು ಆಯಿತೆಂದು ದಾದಿ ಬಂದು ಹೇಳಿದ ಗಳಿಗೆಯಿಂದ ನಾನು ಬಾಯಿ ಮುಚ್ಚಿದೆ. ಗೋಡೆಯಾಚೆಯಿಂದ ಗಿಡ್ಡಕ್ಕನಿಗೆ ನಾನು ಕಾಣುವುದಿಲ್ಲ, ನಿಜ. ಒಪ್ಪಂದದಲ್ಲಿ ಕಾಣಬೇಕೆಂದು ಇರಲಿಲ್ಲವಲ್ಲ. ಪಕ್ಕದಲ್ಲಿದ್ದವರೊಬ್ಬರು ಯಾವ ಊರೆಂದು ಕೇಳಿದರು. ನಾನು ಕೈ ಅಲ್ಲಾಡಿಸಿದೆ. ಪಾಪ, ಮಾತು ಬರುವುದಿಲ್ಲವೆಂದು ತಿಳಿದು ಹೆಂಡತಿಗೆ ಹೇಳಿ ನನಗೆ ನೀರು ಕೊಡಿಸಿದರು. ಮಮತಾ, “ಅವ್ರಿಗೆ ಮಾತು ಬರ್ತೈತ್ರೀ, ಇವತ್ತೊಂದು ತಾಸು ಆಡಲ್ಲ ಅಷ್ಟೇ” ಎಂದಳು. ನಾನು ಅವಳ ಕೈ ಹಿಡಿದುಕೊಂಡೆ. ಇನ್ನೊಂದು ಕೈಯಲ್ಲಿ ಚೀಲ. ಒಳಗಿನ ಸುಣ್ಣದ ಡಬ್ಬಿ ಆಗಾಗ ಟಿಕ್ ಎನ್ನುತ್ತಿತ್ತು.

ಮರಳುವಾಗ ಗಿಡ್ಡಕ್ಕ ಕಾರಿನ ಹಿಂದಿನ ಸಾಲನ್ನು ಒಬ್ಬರೇ ಆಳಿದರು. ಸಂಜೆಯವರೆಗೆ ಎಳೆಮಕ್ಕಳಿಂದ, ಬಸುರಿಯರಿಂದ ದೂರವಿರಬೇಕೆಂದು ದಾದಿ ಹೇಳಿದ್ದನ್ನು ಅವರು ಬಿರುದಿನಂತೆ ಸ್ವೀಕರಿಸಿ, ನಮಗೂ ಹತ್ತಿರ ಸುಳಿಯಬಾರದೆಂದು ಅಪ್ಪಣೆ ಮಾಡಿದ್ದರು. ಒಂದು ತಾಸಿನ ಬಾಕಿಯನ್ನೆಲ್ಲ ರಾಣೆಬೆನ್ನೂರು ಮುಟ್ಟುವುದರೊಳಗೆ ಮಾತಾಡಿ ತೀರಿಸಿದರು. ಹೊನ್ನಾಳಿಯ ಹೊಳೆಯ ಸೇತುವೆ ಬಂದಾಗ ಕೇಳಿದರು.

“ಈಗ್ಲೂ ನನ್ನೊಳಗಿಂದ ಹಾರ್ತಾ ಅದಾವೇನು ಅವು?”

ಹಾರುತ್ತಿವೆ, ಒಂದು ಕಿರಣ ಹೊಳೆಯ ಕಡೆಗೆ ಹೋದರೆ ಅದರ ಜೊತೆಯದು ನೇರ ಎದುರಿಗೆ ಹೋಗುತ್ತದೆ ಎಂದು ಮಮತಾ ಹೇಳಿದಳು. ಮುಂದೆ ಕುಳಿತವರ ಮೈಯನ್ನೂ ದಾಟಿ ಹೋಗುತ್ತವೆಯೇ ಎಂದು ಅಜ್ಜಿ ಕೇಳಿದ್ದಕ್ಕೆ ಹೌದೆಂದಳು. ಗಿಡ್ಡಕ್ಕ ಹಿಂದಿನಿಂದ ನನ್ನ ಹೆಗಲ ಬಳಿ ಬಾಗಿದರು.

“ಏನಾರ ತಾಗಿತೇನ್ರೀ ಮೇಡಮ್ಮಾರೆ?”

“ತಾಗಿತು” ಎಂದೆ.

ಭೌತಶಾಸ್ತ್ರದ ಪ್ರಕಾರ ಇದು ತಪ್ಪು ಉತ್ತರ. ತಿದ್ದಲು ಹೋಗಲಿಲ್ಲ.

ನವೆಂಬರ್ ೨೫, ಮಂಗಳವಾರ

ಫಲಿತಾಂಶ ಗುರುವಾರ. ಇಂದು ಮೂರು ತರಗತಿ ತೆಗೆದುಕೊಂಡೆ. ಏನು ಪಾಠ ಮಾಡಿದೆನೆಂದು ಕೇಳಿದರೆ ಹೇಳಲಾರೆ.

ನವೆಂಬರ್ ೨೭, ಗುರುವಾರ

ಒಂದೇ ಕಡೆ! ಒಂದೇ ಕಡೆ!

ಹುಬ್ಬಳ್ಳಿಯಲ್ಲಿ ವೈದ್ಯರು ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಕಪ್ಪು ಹಿನ್ನೆಲೆಯಲ್ಲಿ ಗಿಡ್ಡಕ್ಕನ ಗಿಡ್ಡ ಆಕಾರ, ಮಿದುಳು ಝಗಝಗಿಸುತ್ತಿತ್ತು. ಗಿಡ್ಡಕ್ಕ ಗಾಬರಿಯಾಗಿ ತಲೆ ಮುಟ್ಟಿಕೊಂಡರು. ವೈದ್ಯರು ಮಾತಾಡುವ ಮೊದಲೇ ಮಮತಾ, “ತಲೆಗೆ ಯಾವಾಗ್ಲೂ ಸಕ್ಕರೆ ಬೇಕು ಅಜ್ಜಿ, ಎಲ್ರದೂ ಹಿಂಗೇ ಹೊಳೀತೈತೆ” ಎಂದಳು. ವೈದ್ಯರು ಅವಳನ್ನು ನೋಡಿ ಹೌದೆಂದು ತಲೆಯಾಡಿಸಿದರು. ಮೂತ್ರಕೋಶವೂ ಹಾಗೆಯೇ, ಅದು ಔಷಧ ಹೊರಗೆ ಹೋಗುವ ದಾರಿ. ಅದಲ್ಲದೆ ಬಲಗಡೆಯ ಶ್ವಾಸಕೋಶದಲ್ಲಿ ಒಂದು ಚುಕ್ಕೆ, ಹುರುಳಿಕಾಳಿನ ಹಾಗೆ. ಮತ್ತೆಲ್ಲಿಯೂ ಇಲ್ಲ. ಸಾವಿರಾರು ಗೆರೆಗಳು ಬಂದು ಕೂಡಿದ ಒಂದೇ ಜಾಗ. ಡಿಸೆಂಬರ್ ಐದಕ್ಕೆ ಶಸ್ತ್ರಚಿಕಿತ್ಸೆ. ದೊಡ್ಡಣ್ಣ ಹೆಗಲ ಮೇಲಿನ ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತಲೇ ಇದ್ದರು.

ಗಿಡ್ಡಕ್ಕ ಪರದೆಯ ಹತ್ತಿರ ಹೋಗಿ ಕತ್ತಿನ ಜಾಗಕ್ಕೆ ಬೆರಳಿಟ್ಟರು. ಅಲ್ಲಿ ಏನೂ ಇರಲಿಲ್ಲ, ಶುದ್ಧ ಕತ್ತಲೆ.

“ನೋಡ್ರಿ ಸಾಹೇಬ್ರೆ, ಗಂಟ್ಲಾಗೆ ಒಂದು ಮಿಣುಕೂ ಇಲ್ಲ. ಒಂದು ತಾಸು ಕಮಕ್ ಕಿಮಕ್ ಅಂದಿಲ್ಲ ನಾನು.”

ಅಷ್ಟು ಹೊತ್ತೂ ನಾನು ಮೂಲೆಯ ಕುರ್ಚಿಯಲ್ಲಿದ್ದೆ. ಪಾಸಿಟ್ರಾನ್ ಬರೆದ ಚಿತ್ರವನ್ನು ಮೊದಲ ಸಲ ಕಣ್ಣಾರೆ ಕಾಣುತ್ತಿದ್ದರೂ ಒಂದು ಮಾತೂ ಹೊಳೆಯಲಿಲ್ಲ. ನೋಡುತ್ತಿದ್ದದ್ದು ಪರದೆಯನ್ನೋ ಮಮತಾಳ ಮುಖವನ್ನೋ ಎಂಬುದೂ ಈಗ ನೆನಪಾಗುತ್ತಿಲ್ಲ.

ಶಸ್ತ್ರಚಿಕಿತ್ಸೆಯವರೆಗೆ, ಆಮೇಲೂ, ಎಲೆ ಅಡಿಕೆ ಮುಟ್ಟಬಾರದೆಂದು ವೈದ್ಯರು ಹೇಳಿದ್ದಾರೆ. ಹೊರಗೆ ಬಂದು ಚೀಲವನ್ನು ಹಿಂದಿರುಗಿಸಹೋದೆ, ಸೋಮವಾರದ ಗಡಿಬಿಡಿಯಲ್ಲಿ ಅದು ನನ್ನ ಬಳಿಯೇ ಉಳಿದಿತ್ತು. ಗಿಡ್ಡಕ್ಕ ನನ್ನ ಬೆರಳುಗಳನ್ನು ಅದರ ಸುತ್ತ ಮಡಿಸಿ ಮುಚ್ಚಿದರು.

“ನಿಮ್ಮತ್ರನೇ ಇರ್ಲಿ. ಆಪ್ರೇಷನ್ ದಿನ ಹೊರಗೆ ಕುಂತಾಗ ಕೈಯಾಗೆ ಏನಾರ ಇರ್ಬೇಕು ನಿಮಗೆ. ಇಲ್ದಿದ್ರೆ ಮಾತಾಡ್ಬಿಡ್ತೀರಿ.”

ಚೀಲ ಈಗ ಮೇಜಿನ ಮೇಲೆ, ಸೀಮೆಸುಣ್ಣದ ಡಬ್ಬಿಯ ಪಕ್ಕದಲ್ಲಿದೆ. ಐದನೆಯ ತಾರೀಖಿಗೆ ರಜೆಯ ಅರ್ಜಿ ಬರೆದಿಟ್ಟೆ. ಕಾರಣ ಎಂಬಲ್ಲಿ, ಬಾಗಿಲ ಹೊರಗೆ ಚೀಲ ಹಿಡಿದು ಕೂರುವುದು ಎಂದು ಬರೆದಿದ್ದೇನೆ. ಪ್ರಾಂಶುಪಾಲರಿಗೆ ಅರ್ಥವಾಗದಿದ್ದರೆ ಮಮತಾ ವಿವರಿಸುತ್ತಾಳೆ.